ಬೆಕ್ಕಿನ ಬ್ಯಾಂಡಿನ ಮುಂದಿನ ಸಾಲು

ಬ್ಯಾಂಡಿಗೆ ಸೇರಬೇಕೆಂದು ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು ಬಟ್ಟೆಯ ವಿಷಯ. ಕೆಂಪು ಕೋಟು, ಹೆಗಲ ಮೇಲಿನ ಜರಿ, ತುರಾಯಿ ಇಟ್ಟ ಟೋಪಿ, ಇವನ್ನೆಲ್ಲ ಯಾರು ಕೊಡುತ್ತಾರೆ ಎಂದು. ಬ್ಯಾಂಡಿನವರೇ ಕೊಡುತ್ತಾರೆ, ಶೂ ಮಾತ್ರ ನಿಮ್ಮದೇ ತರಬೇಕು ಎನ್ನುತ್ತೇನೆ. ಕೋಟು ನಿಮಗಿಂತ ಮೊದಲು ಅದನ್ನು ತೊಟ್ಟವನ ಅಳತೆಯದಾಗಿರುತ್ತದೆ, ಅವನು ದಪ್ಪಗಿದ್ದರೆ ನಿಮ್ಮ ಅದೃಷ್ಟ. ಆಮೇಲೆ ಅವರು ಯಾವ ಹಾಡು ಕಲಿಯಬೇಕೆಂದು ಕೇಳುತ್ತಾರೆ. ಹಾಡು ಆಮೇಲೆ ಕಲಿತರಾಯಿತು, ಮೊದಲು ಬೆಕ್ಕು ಅಡ್ಡ ಬಂದರೆ ಏನು ಮಾಡಬೇಕೆಂಬುದನ್ನು ಕಲಿಯಿರಿ ಎಂದರೆ, ಮುದುಕನಿಗೆ ಅರಳುಮರಳು ಎಂದುಕೊಂಡು ಎದ್ದು ಹೋಗುತ್ತಾರೆ. ಹೋದವರು ಹೋಗಲಿ. ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಮಾರೆಪ್ಪ. ರಾಯಚೂರಿನ ಒಂದು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದೆ. ಸರ್ಕಾರಿ ನೌಕರರನ್ನು ವಯಸ್ಸು ನೋಡಿ ನಿವೃತ್ತಿ ಮಾಡುತ್ತಾರೆ, ಕ್ಲಾರಿನೆಟ್ಟಿನವರನ್ನು ಮುಂದಿನ ಹಲ್ಲು ನೋಡಿ. ನನ್ನ ಮೇಲಿನ ಹಲ್ಲು ಅಲುಗಾಡಲು ಶುರುವಾದ ವರ್ಷ ಎಲ್ಲ ಹಾಡಿನಲ್ಲೂ ಗಾಳಿಯ ಸಪ್ಪಳ ಬರುತ್ತಿತ್ತು. ಹಲ್ಲು ಬಿದ್ದ ದಿನ ನಾನೂ ಬಿಟ್ಟೆ. ಹಾರ ಹಾಕಿ ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಕೋಟು ತೊಳೆಸಿ ಒಪ್ಪಿಸಿ ಬರಬೇಕು, ಅಷ್ಟೇ.

ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ, ಹಬ್ಬ ಹುಣ್ಣಿಮೆ ಬಂದರೆ ಹಲಗೆ ಬಾರಿಸುತ್ತಿದ್ದ. ಹಲಗೆ ಬಾರಿಸುವವನ ಮಗ ಕೋಟು ಹಾಕಿಕೊಂಡು ಬಾರಿಸಲಿ ಎಂದು ನನ್ನನ್ನು ಖಾಸಿಂ ಮಾಸ್ತರರ ಕೈಗೆ ಒಪ್ಪಿಸಿದ. ಖಾಸಿಂ ಮಾಸ್ತರರು ಬ್ಯಾಂಡಿನ ಮಾಲೀಕರು, ಟ್ರಂಪೆಟ್ ಅವರದು. ಮೀಸೆ ದೊಡ್ಡದು, ಮಾತು ಕಡಿಮೆ. ಆಗ ನಮ್ಮ ಬ್ಯಾಂಡಿಗೆ ಎಲ್ಲ ಬ್ಯಾಂಡುಗಳಿಗೂ ಇರುವಂಥ ಹೆಸರಿತ್ತು. ‘ನ್ಯೂ’ ಎಂದು ಶುರುವಾಗುತ್ತಿತ್ತು, ಆದರೆ ಡ್ರಮ್ಮಿನ ಚರ್ಮ, ವಾದ್ಯ, ಮಾಸ್ತರರು, ಯಾವುದೂ ನ್ಯೂ ಇರಲಿಲ್ಲ.

ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ದೊಡ್ಡ ಡ್ರಮ್ಮು, ಅದರ ಪಕ್ಕ ಸೈಡ್ ಡ್ರಮ್ಮು, ಹಿಂದೆ ಊದುವವರು, ಅವರ ಹಿಂದೆ ಕುಣಿಯುವವರು, ಆಮೇಲೆ ಹೆಣ್ಣುಮಕ್ಕಳು, ಕೊನೆಗೆ ಮದುಮಕ್ಕಳ ಗಾಡಿ. ಈಗ ಬೆಕ್ಕು ಅಡ್ಡ ಬಂತೆನ್ನಿ. ಒಬ್ಬಂಟಿಯಾಗಿ ಹೋಗುವವನಿಗೆ ನಾನಾ ಉಪಾಯಗಳಿವೆ. ನಿಂತು ಉಗುಳಬಹುದು, ಚಪ್ಪಲಿ ಝಾಡಿಸಿಕೊಂಡು ಹೋಗಬಹುದು, ಬೀಡಿ ಹಚ್ಚುವ ನೆಪ ಮಾಡಿ ಹಿಂದೆ ಬರುವವನನ್ನು ಮುಂದೆ ಬಿಡಬಹುದು. ಮೊದಲು ದಾಟಿದವನಿಗೆ ಅಪಶಕುನ ಅಂಟಿಕೊಳ್ಳುತ್ತದೆ, ಆಮೇಲೆ ಬರುವವರಿಗೆ ದಾರಿ ಚೊಕ್ಕ. ಮೆರವಣಿಗೆ ಉಗುಳಲಾರದು, ಬೀಡಿ ಹಚ್ಚಲಾರದು. ಆದ್ದರಿಂದ ಎಲ್ಲರೂ ನಿಂತುಬಿಡುತ್ತಾರೆ, ಒಬ್ಬ ಹಿರಿಯರು ಹಿಂದಿನಿಂದ ಕೈ ಬೀಸುತ್ತಾರೆ, ಬ್ಯಾಂಡಿನವರು ದಾಟುತ್ತಾರೆ.

ನನಗೆ ಇದು ಮೊದಲ ಸಲ ಗೊತ್ತಾದದ್ದು ಪೇಟೆಯ ಒಂದು ಮದುವೆಯಲ್ಲಿ. ಕಿರಾಣಿ ಅಂಗಡಿಯ ಸಂದಿಯಿಂದ ಒಂದು ಬೂದು ಬಣ್ಣದ ಬೆಕ್ಕು ಬಂದು, ನಮ್ಮನ್ನೆಲ್ಲ ಒಮ್ಮೆ ನೋಡಿ, ಆ ಕಡೆಗೆ ಹೋಯಿತು. ಮೆರವಣಿಗೆ ಗಕ್ಕನೆ ನಿಂತಿತು. ಗಂಡಿನ ಕಡೆಯ ಹಿರಿಯರು, “ಬ್ಯಾಂಡಿನವರು ನಡೀರಿ ಮುಂದ” ಎಂದರು. ಮಾಸ್ತರರು ಟ್ರಂಪೆಟ್ ಕಂಕುಳಲ್ಲಿ ಇಟ್ಟುಕೊಂಡು ನಡೆದರು, ನಾವು ಹಿಂದೆ ನಡೆದೆವು. ಮರುದಿನ ಅವರನ್ನು ಕೇಳಿದೆ.

“ಮಾಸ್ತರ, ಅಪಶಕುನ ನಮಗ ಹತ್ತಂಗಿಲ್ಲೇನ್ರಿ?”

“ಹತ್ತತದ,” ಎಂದರು ಅವರು. “ಮತ್ತ ಕೋಟು ಯಾಕ ಕೊಟ್ಟೀನಿ ಅಂತ ತಿಳದಿ?”

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಇಡೀ ವೃತ್ತಿಯಲ್ಲಿ ಬೆಕ್ಕಿನ ಅಪಶಕುನವನ್ನು ನಂಬುವ ಮನುಷ್ಯ ನನಗೆ ಸಿಕ್ಕಿಲ್ಲ. ಮದುಮಗನನ್ನು ಕೇಳಿದರೆ ತನಗೇನೂ ಇಲ್ಲ, ಅಪ್ಪ ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ ಎನ್ನುತ್ತಾನೆ. ಅಪ್ಪ ತನ್ನ ಹೆಂಡತಿಯ ಕಡೆ ಕೈ ತೋರಿಸುತ್ತಾನೆ. ಆಕೆ ಅತ್ತೆಯ ಕಡೆ ತೋರಿಸುತ್ತಾಳೆ. ಅತ್ತೆ ಸ್ವಾಮಿಗಳ ಕಡೆ. ಒಮ್ಮೆ ಧೈರ್ಯ ಮಾಡಿ ಮದುವೆ ಮಾಡಿಸಿದ ಸ್ವಾಮಿಗಳನ್ನೇ ಕೇಳಿದೆ. ತಮಗೇನು ಅಂಥದ್ದಿಲ್ಲ, ಮಂದಿ ಕೇಳಬೇಕಲ್ಲ ಎಂದರು. ಯಾರೂ ನಂಬದ ವಿಷಯಕ್ಕೆ ನೂರಾರು ಜನ ರಸ್ತೆಯಲ್ಲಿ ಬಿಸಿಲಿಗೆ ನಿಂತಿರುತ್ತಿದ್ದರು.

ಮನೆಯಲ್ಲಿ ಇದನ್ನು ತಮಾಷೆಯಾಗಿ ಹೇಳಿದೆ. ಹೆಂಡತಿ ನಕ್ಕಳು. ಮಗಳು ಸುಜಾತಾ ನಗಲಿಲ್ಲ. ಆಗಿನ್ನೂ ಒಂದನೇ ಕ್ಲಾಸು ಎರಡನೇ ಕ್ಲಾಸು ಓದುತ್ತಿದ್ದ ಮಗು. ಅಪಶಕುನ ಯಾರಿಗೆ ಆಗುತ್ತದೆ ಎಂದು ಕೇಳಿದಳು. ಮೊದಲು ದಾಟಿದವರಿಗೆ ಎಂದೆ. “ಹಂಗಾದ್ರ ಎಲ್ಲಾರದೂ ನೀನೇ ಮನಿಗೆ ತರಾಕತ್ತೀದಿ” ಎಂದಳು. ಮುಂದಿನ ಮದುವೆಯಿಂದ ನಾನು ಮನೆಗೆ ಬಂದಾಗ ಬಾಗಿಲಲ್ಲಿ ತಂಬಿಗೆ ನೀರು ಹಿಡಿದು ನಿಂತಿದ್ದಳು. “ಯಪ್ಪಾ, ಕಾಲ್ ಮುಂದ ಮಾಡು” ಎಂದಳು. ಮಾಡಿದೆ. ಎರಡೂ ಪಾದಕ್ಕೆ ನೀರು ಸುರಿದು, ಅಪಶಕುನ ಗಟಾರಕ್ಕೆ ಹರಿದು ಹೋಗುವ ತನಕ ನೋಡುತ್ತಾ ನಿಂತು, ಆಮೇಲೆ ನನ್ನನ್ನು ಒಳಗೆ ಬಿಟ್ಟಳು.

ಇದು ಒಂದು ದಿನದ ಆಟ ಎಂದುಕೊಂಡಿದ್ದೆ. ಹೈಸ್ಕೂಲಿಗೆ ಹೋದರೂ ಬಿಡಲಿಲ್ಲ. ದಿನಾ ಬಸ್ಸಿನಲ್ಲಿ ಯರಗೇರಾದ ಪಿ.ಜಿ. ಸೆಂಟರಿಗೆ ಹೋಗಿ ಎಂ.ಎ. ಓದುತ್ತಿದ್ದಾಗ, ಮೂಢನಂಬಿಕೆಯ ಮೇಲೆ ಅಲ್ಲಿ ಭಾಷಣ ಮಾಡಿ ಬಹುಮಾನ ತಂದ ದಿನವೂ ನನ್ನ ಕಾಲಿಗೆ ನೀರು ಹಾಕಿದಳು. ನೀನೂ ನಂಬುತ್ತೀಯೇನು ಎಂದು ಕೇಳಿದ್ದಕ್ಕೆ, “ನಂಬಂಗಿಲ್ಲ. ಧೂಳರೆ ಹೋಗತದಲ್ಲ” ಎಂದಳು.

ನಮ್ಮ ಬ್ಯಾಂಡಿಗೆ ಬೆಕ್ಕಿನ ಹೆಸರು ಬಂದದ್ದು ಒಂದೇ ಸಲಕ್ಕಲ್ಲ. ಮೊದಲು ಬಂದದ್ದು ಟ್ಯೂನು. ಬೆಕ್ಕು ದಾಟಿದ ಜಾಗದ ಮೇಲೆ ಸುಮ್ಮನೆ ನಡೆದರೆ ಅದು ಹೆಣದ ಮುಂದೆ ನಡೆದಂತೆ ಕಾಣುತ್ತದೆ ಎಂಬುದು ಖಾಸಿಂ ಮಾಸ್ತರರ ತಕರಾರು. ಅವರು ಅದಕ್ಕೆಂದೇ ಒಂದು ಸಣ್ಣ ಟ್ಯೂನು ಕಟ್ಟಿದರು. ಸೈಡ್ ಡ್ರಮ್ಮು ಮೆಲ್ಲಗೆ, ಕ್ಲಾರಿನೆಟ್ ಇನ್ನೂ ಮೆಲ್ಲಗೆ, ನಾವೆಲ್ಲ ತುದಿಗಾಲಲ್ಲಿ ನಡೆದು ಬರುವುದು, ಬೆಕ್ಕು ದಾಟಿದ ಗೆರೆಯ ಹತ್ತಿರ ಎಲ್ಲ ನಿಂತುಬಿಡುವುದು, ಒಂದು ಉಸಿರಿನಷ್ಟು ಹೊತ್ತು ಮೌನ, ಆಮೇಲೆ ಟ್ರಂಪೆಟ್ಟಿನ ಒಂದು ಕೂಗಿಗೆ ದೊಡ್ಡ ಡ್ರಮ್ಮು ಸಮೇತ ಆ ಕಡೆಗೆ ಜಿಗಿಯುವುದು. ಜನ ಕೇಕೆ ಹಾಕಿದರು. ಆ ಸೀಸನ್ ಮುಗಿಯುವುದರೊಳಗೆ ಬೆಕ್ಕೇ ಬರದ ಮೆರವಣಿಗೆಗಳಲ್ಲೂ ಬೆಕ್ಕಿನ ಟ್ಯೂನ್ ಬಾರಿಸಿರಿ ಎಂದು ಕೇಳತೊಡಗಿದರು.

ಕೇಳಿದ್ದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮಾನ್ವಿಯಲ್ಲಿ ಒಬ್ಬ ವ್ಯಾಪಾರಸ್ಥರ ಮನೆಯ ಮದುವೆಗೆ ಹೋದಾಗ, ಮದುಮಗನ ಗೆಳೆಯರು ಟ್ಯೂನು ಕೇಳುವ ಆಸೆಗೆ ಒಂದು ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಚೀಲದ ಬಾಯಿ ಬಿಚ್ಚಿದರು. ಬೆಕ್ಕು ರಸ್ತೆ ದಾಟಲಿಲ್ಲ. ಸೀದಾ ಯುಫೋನಿಯಂ ಎಂಬ ದೊಡ್ಡ ಪೀಪಿ ಊದುವವನ ಬೆನ್ನ ಮೇಲೆ ಹತ್ತಿ, ಅಲ್ಲಿಂದ ಜನರೇಟರ್ ಗಾಡಿಯ ಮೇಲೆ ಹಾರಿ ಕುಳಿತು, ಮೆರವಣಿಗೆ ಮುಗಿಯುವ ತನಕ ಕೆಳಗೆ ಇಳಿಯಲಿಲ್ಲ. ಈಗ ಶಾಸ್ತ್ರದ ಪ್ರಶ್ನೆ ಎದ್ದಿತು. ಬೆಕ್ಕು ಅಡ್ಡ ಬಂದರೆ ಅಪಶಕುನ ಸರಿ, ನಮ್ಮ ಜೊತೆಗೇ ಬಂದರೆ ಏನು? ಯಾರಿಗೂ ಗೊತ್ತಿರಲಿಲ್ಲ. ಬೆಕ್ಕೂ ಬೀಗರ ಕಡೆಯದೇ ಎಂದು ತೀರ್ಮಾನ ಮಾಡಿ ಊಟದ ಹೊತ್ತಿಗೆ ಅದಕ್ಕೂ ಹಾಲು ಹಾಕಿದರು.

ಹೆಸರು ಕೊಟ್ಟವರು ಅಕ್ಕಿ ಗಿರಣಿಯ ವಿರೂಪಣ್ಣನವರು. ಹಣೆಯ ತುಂಬ ವಿಭೂತಿ ಹಚ್ಚುವ ದೊಡ್ಡ ಮನುಷ್ಯರು, ನಮ್ಮಪ್ಪ ಹಮಾಲಿ ಮಾಡುತ್ತಿದ್ದುದು ಅವರ ಗಿರಣಿಯಲ್ಲೇ. ಇಲಿಯ ಕಾಟಕ್ಕೆ ಅವರು ಗಿರಣಿ ತುಂಬ ಬೆಕ್ಕು ಸಾಕಿದ್ದರು. ಅವರ ಮಗನ ಮದುವೆಯ ದಿನ ಮೆರವಣಿಗೆ ಗಿರಣಿಯ ಮುಂದೆ ಬಂದಾಗ ಒಂದಾದ ಮೇಲೊಂದು ಬೆಕ್ಕು ದಾಟಿದವು. ನಾವು ಟ್ಯೂನು ಬಾರಿಸಿ ದಾಟಿದೆವು, ಮತ್ತೊಂದು ಬಂತು, ಮತ್ತೆ ಬಾರಿಸಿದೆವು. ಹೆಣ್ಣಿನ ಕಡೆಯವರ ಮುಖ ಸಣ್ಣದಾಯಿತು. ವಿರೂಪಣ್ಣನವರು ನಿಂತಲ್ಲೇ ಹೇಳಿದರು, “ನಮ್ಮ ಗಿರಣ್ಯಾಗ ದಿನಾ ಅಡ್ಡ ಬರತಾವ್ರಿ. ಬರದ ದಿನಾನೇ ಲುಕ್ಸಾನ.” ಆಮೇಲೆ ಮಾಸ್ತರರನ್ನು ಕರೆದು, ನಿಮ್ಮ ಬ್ಯಾಂಡಿಗೆ ಬೆಕ್ಕಿನ ಹೆಸರೇ ಇಡಿ, ಜನ ಹೇಗೂ ಹಾಗೇ ಕರೆಯುತ್ತಾರೆ ಎಂದರು. ಮಾಸ್ತರರು ಒಂದು ವಾರ ಯೋಚನೆ ಮಾಡಿದರು. ಊರಿನ ಅಪಶಕುನವನ್ನೆಲ್ಲ ಹೊರುವವರು ನಾವೇ ಆದಮೇಲೆ ಅದರ ಹೆಸರಾದರೂ ನಮಗಿರಲಿ ಎಂದು ಕೊನೆಗೆ ಒಪ್ಪಿದರು.

ಡ್ರಮ್ಮಿನ ಮೇಲೆ ಚಿತ್ರ ಬರೆದ ಪೇಂಟರನಿಗೆ ಹುಲಿ ಬರೆದು ರೂಢಿ. ಹೀಗಾಗಿ ನಮ್ಮ ಬೆಕ್ಕಿಗೆ ಹುಲಿಯ ಎದೆ, ಹುಲಿಯ ಬಾಲ ಬಂದವು. ಮುಖ ಬರೆಯುವಾಗ ಖಾಸಿಂ ಮಾಸ್ತರರು ಎದುರಿಗೆ ಕೂತಿದ್ದರು, ಮೀಸೆ ಅವರದೇ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ ‘ಬೆಕ್ಕು ಬ್ರಾಸ್ ಬ್ಯಾಂಡ್, ರಾಯಚೂರು’. ಮೊದಲ ದಿನ ಆ ಡ್ರಮ್ಮು ಎತ್ತಿಕೊಂಡು ಹೊರಟಾಗ ನನಗೆ ನಾಚಿಕೆಯಾಗಿತ್ತು. ಸುಜಾತಾಳನ್ನು ಶಾಲೆಯಲ್ಲಿ ಬೆಕ್ಕಿನ ಮಗಳು ಎಂದು ಕಾಡಿಸಿದರು. ಅವಳು ಅತ್ತುಕೊಂಡು ಬರುತ್ತಾಳೆ ಎಂದುಕೊಂಡಿದ್ದೆ. ಬಂದವಳು, ನನ್ನ ಮದುವೆಯಲ್ಲಿ ಇದೇ ಡ್ರಮ್ಮು ಮುಂದಿರಬೇಕು ಎಂದು ಹೇಳಿದಳು. ಆಗಲಿ ಎಂದೆ. ಚಿಕ್ಕ ಮಕ್ಕಳಿಗೆ ಕೊಟ್ಟ ಮಾತನ್ನು ಅವರು ಮರೆಯುತ್ತಾರೆ ಎಂದು ದೊಡ್ಡವರು ತಿಳಿದಿರುತ್ತಾರೆ.

ಹೊಸಬರು ನೆನಪಿಡಬೇಕಾದ ಒಂದು ತಪ್ಪಿನ ಪ್ರಸಂಗ ಹೇಳುತ್ತೇನೆ. ಬ್ಯಾಂಡಿನವರನ್ನು ಮದುವೆಗಷ್ಟೇ ಅಲ್ಲ, ತುಂಬು ಜೀವನ ಮಾಡಿ ಹೋದವರ ಮಣ್ಣಿಗೂ ಕರೆಯುತ್ತಾರೆ. ಕುರ್ಡಿಯಲ್ಲಿ ಒಬ್ಬ ಹಿರಿಯ ರೈತರು ತೀರಿಕೊಂಡಾಗ ಹೋಗಿದ್ದೆವು. ಭಜನೆಯ ಪದಗಳನ್ನು ಬಾರಿಸುತ್ತಾ ಗಂಭೀರವಾಗಿ ಹೊರಟಿದ್ದೆವು. ಊರ ಹೊರಗೆ, ಹೊಲದ ಬದುವಿನಿಂದ ಒಂದು ಕರಿಬೆಕ್ಕು ಬಂದು ಅಡ್ಡ ದಾಟಿತು. ಜನ ನಿಂತರು. ಜನ ನಿಂತ ಕೂಡಲೇ ನಮ್ಮ ಸೈಡ್ ಡ್ರಮ್ಮಿನವನ ಕೈ ತಾನೇ ತಾನಾಗಿ ಬೆಕ್ಕಿನ ಟ್ಯೂನಿಗೆ ತಿರುಗಿತು. ನನ್ನ ಕ್ಲಾರಿನೆಟ್ಟೂ ತಿರುಗಿತು. ತುದಿಗಾಲಲ್ಲಿ ನಡೆದು, ನಿಂತು, ಜಿಗಿಯುವ ತನಕ ಯಾರಿಗೂ ಎಚ್ಚರವಿರಲಿಲ್ಲ. ಆ ಕಡೆಗೆ ಜಿಗಿದ ಮೇಲೆ ಹಿಂತಿರುಗಿ ನೋಡಿದರೆ ಹೆಣ ಹೊತ್ತವರು ಈ ಕಡೆಗೇ ನಿಂತು ನಮ್ಮನ್ನು ನೋಡುತ್ತಿದ್ದರು.

ಬಡಿಗೆ ತೆಗೆದುಕೊಳ್ಳುತ್ತಾರೆ ಎಂದೇ ತಿಳಿದೆವು. ಆದರೆ ಹಿರಿಯರ ನಡುವೆ ಬೇರೆ ಜಿಜ್ಞಾಸೆ ಶುರುವಾಗಿತ್ತು. ಸತ್ತವನಿಗೆ ಅಪಶಕುನ ತಗಲುತ್ತದೆಯೋ ಇಲ್ಲವೋ? ತಗಲುವುದಾದರೆ ಇನ್ನು ಆಗುವುದೇನು ಉಳಿದಿದೆ? ಹೊತ್ತವರಿಗೆ ತಗಲುತ್ತದೆ ಎಂದು ಒಬ್ಬರು, ಹೊತ್ತವರು ಕಾಲಷ್ಟೇ, ಪ್ರಯಾಣ ಅವನದು ಎಂದು ಇನ್ನೊಬ್ಬರು. ಚಟ್ಟ ಹೆಗಲ ಮೇಲೆಯೇ ಇತ್ತು. ಕೊನೆಗೆ ತೀರಿಹೋದವರ ಹೆಂಡತಿ, ಹಿಂದಿನಿಂದ ನಿಧಾನವಾಗಿ ಬಂದ ಮುದುಕಿ, ಮಾಸ್ತರರ ಕಡೆ ತಿರುಗಿ, “ಬಾರಸ್ರಿ ಯಪ್ಪಾ. ಜೀವ ಇರೋ ತನಕ ಅವಗ ಬೆಕ್ಕಂದ್ರ ಅಂಜಿಕಿ. ಇವತ್ತರೆ ದಾಟಿ ಹೋಗಲಿ” ಎಂದಳು. ಮತ್ತೆ ಬಾರಿಸಿದೆವು. ಆ ದಿನ ಆ ಟ್ಯೂನನ್ನು ಎಷ್ಟು ಮೆಲ್ಲಗೆ ಬಾರಿಸಬಹುದು ಎಂಬುದು ನನಗೆ ತಿಳಿಯಿತು.

ಕಾಲ ಬದಲಾಯಿತು. ಊದುವವರು ಕಡಿಮೆಯಾದರು, ತಳ್ಳುಗಾಡಿಯ ಮೇಲೆ ಕೀಬೋರ್ಡು ಬಂತು, ಆಳೆತ್ತರದ ಸ್ಪೀಕರುಗಳು ಬಂದವು, ಹಾಡುವವನು ಮೈಕು ಹಿಡಿದು ಬ್ಯಾಂಡಿನ ಮುಂದೆ ನಡೆಯತೊಡಗಿದ. ಮಾಸ್ತರರು ಎಲ್ಲಕ್ಕೂ ಒಪ್ಪಿದರು, ದೊಡ್ಡ ಡ್ರಮ್ಮು ಮಾತ್ರ ಬಿಡಲಿಲ್ಲ. ನಮ್ಮ ಟ್ಯೂನನ್ನು ಮಾನ್ವಿಯ ಒಬ್ಬ ಹಾಡುಗಾರ ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ, ಅದಕ್ಕೆ ಮಾತು ಹಾಕಿ, ‘ನಿಮ್ಮ ಓಣಿ ಬೆಕ್ಕ ನಮ್ಮ ಓಣಿಗ್ಯಾಕ’ ಎಂದು ಯೂಟ್ಯೂಬಿಗೆ ಬಿಟ್ಟ. ಅದು ಓಡಿತು. ಮುಂದಿನ ಮದುವೆ ಸೀಸನ್ನಿಗೆ ಮಾಳಿಗೆ ಹತ್ತಿದ ಬೆಕ್ಕು, ಮೊಸರಿಗೆ ಮುನಿದ ಬೆಕ್ಕು, ದೇವದುರ್ಗದ ಸಂತೆಯಲ್ಲಿ ಕಳೆದುಹೋದ ಬೆಕ್ಕು, ಹೀಗೆ ಹಾಡಿಗೊಂದು ಬೆಕ್ಕು ಹುಟ್ಟಿಕೊಂಡಿತು.

ಈ ಹಾಡುಗಳನ್ನೆಲ್ಲ ಬಾರಿಸಿದವನಾಗಿ ನನಗೆ ಕಂಡದ್ದು ಇಷ್ಟು. ಹಾಡಿನ ಹೆಸರಿನಲ್ಲಿ ಬೆಕ್ಕು ಬಂದರೆ ಅದು ಹುಡುಗಿ. ಮುದಿ ಬೆಕ್ಕು ಬಂದರೆ ಹುಡುಗಿಯ ತಾಯಿ. ಗಂಡುಬೆಕ್ಕು ಬಂದರೆ ಹಾಡುವವನ ಗೆಳೆಯ, ಅವನನ್ನು ನಂಬಬಾರದು. ನಾಯಿ ಹೆಸರಿನಲ್ಲಿ ಬರುವುದಿಲ್ಲ, ಹಾಡಿನ ಒಳಗೆ ಬಂದರೆ ಹುಡುಗಿಯ ಅಣ್ಣ. ನಿಜವಾದ ಬೆಕ್ಕಿನ ಬಗ್ಗೆ ಒಂದು ಹಾಡೂ ಇಲ್ಲ. ತಮಾಷೆಯೆಂದರೆ, ಅದೇ ಹಾಡಿಗೆ ಕುಣಿಯುತ್ತಿದ್ದ ಜನ ನಿಜವಾದ ಬೆಕ್ಕು ಬಂದ ಕೂಡಲೇ ಕುಣಿತ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು.

ಬ್ಯಾಂಡಿನ ಹೆಸರುಗಳೂ ಬೆಳೆದವು. ದೇವದುರ್ಗದಲ್ಲಿ ಕರಿಬೆಕ್ಕು ಬ್ಯಾಂಡು ಹುಟ್ಟಿತು. ಅದರಲ್ಲಿ ಜಗಳವಾಗಿ ಅಣ್ಣತಮ್ಮಂದಿರು ಬೇರೆಯಾದ ಮೇಲೆ ಬಿಳಿಬೆಕ್ಕು ಬ್ಯಾಂಡು. ಮಾನ್ವಿಯವರು ಒರಿಜಿನಲ್ ಬೆಕ್ಕು ಎಂದು ಬರೆಸಿಕೊಂಡರು. ಇವರನ್ನು ಏನು ಮಾಡೋಣ ಎಂದು ಮಾಸ್ತರರನ್ನು ಕೇಳಿದೆವು. ಬೆಕ್ಕು ಅಡ್ಡ ಬಂದರೆ ಅವರು ದಾಟುತ್ತಾರೇನು ನೋಡಿರಿ ಎಂದರು. ವಿಚಾರಿಸಿದೆವು. ಅವರು ಹಾಡು ಬಾರಿಸುತ್ತಿದ್ದರು, ಆದರೆ ಬೆಕ್ಕು ಬಂದರೆ ಗಾಡಿ ಹಿಂದಕ್ಕೆ ತಳ್ಳಿ ಬೇರೆ ಓಣಿ ಹಿಡಿಯುತ್ತಿದ್ದರು. ಹಾಗಾದರೆ ಬಿಡಿ ಎಂದರು ಮಾಸ್ತರರು.

ಸುಜಾತಾಳಿಗೆ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕಿತು. ಗಬ್ಬೂರಿನ ಪ್ರಶಾಂತ ಎಂಬ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಅವನೂ ಶಾಲೆಯ ಮಾಸ್ತರ, ನಮ್ಮ ಹಾಗೇ ಬುದ್ಧನ ಫೋಟೊ ಇಟ್ಟುಕೊಂಡ ಮನೆ. ಹುಡುಗನಿಗೆ ತಂದೆ ಇರಲಿಲ್ಲ, ಮಾತುಕತೆ ನಡೆಸಿದವರು ಅವನ ಕಾಕಾ ಶಿವರಾಜಪ್ಪನವರು. ಸರ್ಕಾರಿ ನೌಕರಿಯಲ್ಲಿದ್ದು ಬಂದವರು, ಮಾತು ತೂಕದ್ದು. ಎಲ್ಲ ಮುಗಿದ ಮೇಲೆ ಸುಜಾತಾ ತಾನೇ ಬಾಯಿ ಬಿಟ್ಟು ಹೇಳಿದಳು, ಮೆರವಣಿಗೆಯ ಮುಂದೆ ತನ್ನ ಅಪ್ಪನ ಬ್ಯಾಂಡೇ ಇರಬೇಕು, ಇಲ್ಲವಾದರೆ ಮೆರವಣಿಗೆಯೇ ಬೇಡ ಎಂದು. ಶಿವರಾಜಪ್ಪನವರು ಚಹಾದ ಕಪ್ಪು ಕೆಳಗಿಟ್ಟರು.

“ನೋಡ್ರಿ ಬೀಗರ, ನಾವು ಇದನ್ನೆಲ್ಲಾ ನಂಬೋ ಮಂದಿ ಅಲ್ಲ,” ಎಂದರು. “ಆದರ ಹೊಸ ಸೊಸಿ ಮುಂದ ಬೆಕ್ಕಿನ ಚಿತ್ರಾ ಮನಿ ತನಕ ಬರೋದು ಅಂದ್ರ... ನಮ್ಮಕ್ಕ ಅದಾಳ, ಆಕಿ ಮನಸಿಗೆ ಹಚ್ಕೋತಾಳ.”

ಬ್ಯಾಂಡು ಬರಲಿ, ಡ್ರಮ್ಮಿನ ಮೇಲಿನ ಬೆಕ್ಕು ಮತ್ತು ಹೆಸರು ಕಾಣದಂತೆ ಬಟ್ಟೆ ಮುಚ್ಚಬೇಕು ಎಂಬಲ್ಲಿಗೆ ಮಾತು ನಿಂತಿತು. ನಾನು ಹೂಂ ಎಂದೆ. ಹೆಣ್ಣು ಕೊಡುವವನು ಇನ್ನೇನು ಅಂದಾನು. ಸುಜಾತಾ ನನ್ನ ಕಡೆ ನೋಡಿದಳು, ಆ ನೋಟ ನನ್ನನ್ನು ಬಹಳ ದಿನ ತಿಂದಿತು. ಊರ ಮಂದಿಯ ಅಪಶಕುನಗಳನ್ನೆಲ್ಲ ಈ ಹೆಸರಿನ ಮೇಲೆ ಹೊತ್ತವರು ನಾವು, ನಮ್ಮದೇ ಮಗಳ ಮದುವೆಯಲ್ಲಿ ಅದು ಮುಸುಕು ಹಾಕಿಕೊಂಡು ಬರಬೇಕಾಯಿತು. ಮಾಸ್ತರರಿಗೆ ಹೇಗೆ ಹೇಳುವುದೆಂದು ಒದ್ದಾಡಿದೆ. ಕೊನೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ, “ಯಾವ ಬಣ್ಣದ ಅರಿವಿ?”

ಗಬ್ಬೂರಿನಲ್ಲಿ ಮದುವೆಯಾಯಿತು. ಊಟ ಮುಗಿದು ಮಧ್ಯಾಹ್ನದ ಮೇಲೆ ಮದುಮಕ್ಕಳನ್ನು ತೆರೆದ ಜೀಪಿನಲ್ಲಿ ಕೂರಿಸಿ ಗಂಡಿನ ಮನೆಗೆ ಹೊರಟೆವು. ಶಿವರಾಜಪ್ಪನವರು ಹಳದಿ ಬಟ್ಟೆ ತಂದು ತಮ್ಮ ಕೈಯಿಂದಲೇ ಡ್ರಮ್ಮಿಗೆ ಬಿಗಿದಿದ್ದರು, ಗಂಟು ಬಿಚ್ಚಬಾರದೆಂದು ಹಗ್ಗ ಬೇರೆ ಸುತ್ತಿದ್ದರು. ನಾನು ಹೆಣ್ಣಿನ ತಂದೆ, ಹೊಸ ಧೋತರ ಉಟ್ಟು ಜೀಪಿನ ಪಕ್ಕ ನಡೆಯುತ್ತಿದ್ದೆ. ಊದುವವರ ಸಾಲಿನಲ್ಲಿ ನನ್ನ ಜಾಗ ಖಾಲಿಯಿತ್ತು. ಮಾಸ್ತರರು ಅದಕ್ಕೆ ಬೇರೆ ಯಾರನ್ನೂ ಕರೆದಿರಲಿಲ್ಲ.

ಹಳೆಯ ಕಲ್ಲಿನ ಗುಡಿ ದಾಟಿ ಹಿಟ್ಟಿನ ಗಿರಣಿಯ ಹತ್ತಿರ ಬಂದೆವು. ಗಿರಣಿಯ ಬಾಗಿಲಿನಿಂದ ಬೆಕ್ಕು ಬಂತು. ಮೈಯೆಲ್ಲ ಹಿಟ್ಟಾಗಿದ್ದರಿಂದ ಯಾವ ಬಣ್ಣದ್ದೋ ಹೇಳಲಾರೆ. ರಸ್ತೆಯ ನಡುವೆ ಕೂತು, ಮುಂಗಾಲು ನೆಕ್ಕಿಕೊಂಡು, ಆಮೇಲೆ ಆ ಕಡೆಗೆ ಹೋಯಿತು.

ಎಲ್ಲರೂ ನಿಂತರು. ಬ್ಯಾಂಡೂ ನಿಂತಿತು. ಜೀಪಿನ ಡ್ರೈವರು ಇಂಜಿನ್ ಆರಿಸಿದ. ಶಿವರಾಜಪ್ಪನವರು ಹಿಂದಿನಿಂದ ಕೈ ಬೀಸಿ, ಬ್ಯಾಂಡಿನವರು ಮುಂದೆ ನಡೆಯಿರಿ ಎಂದರು. ಖಾಸಿಂ ಮಾಸ್ತರರು ಕದಲಲಿಲ್ಲ. ಶಿವರಾಜಪ್ಪನವರು ಜನರನ್ನು ಸರಿಸಿಕೊಂಡು ಮುಂದೆ ಬಂದರು.

“ಯಾಕ ನಿಂತ್ರಿ? ದಾಟ್ರಿ.”

“ದಾಟತಿದ್ವಿ ಸಾಹೇಬ್ರ,” ಎಂದರು ಮಾಸ್ತರರು, ಸಮಾಧಾನವಾಗಿ. “ಆದರ ದಾಟೋದು ಬೆಕ್ಕಿನ ಬ್ಯಾಂಡಿನ ಕೆಲಸ. ಇವತ್ತ ಆ ಬ್ಯಾಂಡ್ ಬಂದಿಲ್ಲ. ನೀವೇ ಬ್ಯಾಡ ಅಂದ್ರಿ.”

“ಮತ್ತ ಇದು ಯಾವ ಬ್ಯಾಂಡು?”

“ಇದಕ್ಕ ಇನ್ನಾ ಹೆಸರಿಲ್ರಿ. ಹಾಡು ಬಾರಸ್ತದ, ನಿಂದ್ರತದ.”

ಬೀಗರು ಸಿಟ್ಟಾದರೆ ಅದು ಹೊರಳಿ ಬರುವುದು ನನ್ನ ಮಗಳ ಮೇಲೆ, ಅದೂ ಮೊದಲ ದಿನವೇ. ಮಾಸ್ತರರ ಬಳಿ ಓಡಿಹೋಗಿ ಕೈ ಮುಗಿದು, ದಾಟಿಬಿಡಿ ಎನ್ನಬೇಕೆನಿಸಿತು. ಜೀಪಿನ ಕಡೆ ನೋಡಿದೆ. ಸುಜಾತಾ ಬಾಸಿಂಗ ಸರಿಸಿ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ನಿಂತೆ.

ಶಿವರಾಜಪ್ಪನವರು ಸುತ್ತ ನೋಡಿದರು. ತಾವೇ ದಾಟಬಹುದಿತ್ತು, ನಂಬದವರಿಗೆ ಅದೇನು ಕಷ್ಟ. ಒಂದು ಕಾಲು ಎತ್ತಿದ್ದನ್ನು ನಾನು ಕಂಡೆ. ಅದನ್ನು ಮತ್ತೆ ಅಲ್ಲೇ ಇಟ್ಟರು. ಬಿಸಿಲು ಬಹಳ ಇತ್ತು. ಕೊನೆಗೆ, ಆ ಬ್ಯಾಂಡು ಬರಬೇಕಾದರೆ ಏನು ಮಾಡಬೇಕು ಎಂದು ಕೇಳಿದರು.

“ಅರಿವಿ ತಗದ್ರ ಬರತದ್ರಿ,” ಎಂದರು ಮಾಸ್ತರರು. “ನಾವು ಕಟ್ಟಿದ್ದಲ್ಲ, ನಾವು ಬಿಚ್ಚಂಗಿಲ್ಲ.”

ಶಿವರಾಜಪ್ಪನವರು ಡ್ರಮ್ಮಿನ ಮುಂದೆ ಕೂತು ಗಂಟು ಬಿಚ್ಚತೊಡಗಿದರು. ತಾವೇ ಹಾಕಿದ ಗಂಟು, ಬೇಗ ಬಿಚ್ಚಲಿಲ್ಲ. ಅಳಿಯ ಪ್ರಶಾಂತ ಜೀಪಿನಿಂದ ಇಳಿದು ಬಂದು ಹಗ್ಗದ ಇನ್ನೊಂದು ತುದಿ ಹಿಡಿದ. ಆ ಹುಡುಗ ನನಗೆ ಅಳಿಯ ಅನಿಸಿದ್ದು ಆಗ. ಹಳದಿ ಬಟ್ಟೆ ಜಾರಿತು. ಹುಲಿಯ ಎದೆ, ಮಾಸ್ತರರ ಮೀಸೆ, ಕೆಳಗೆ ನಮ್ಮ ಹೆಸರು ಹೊರಬಂದವು.

ಮಾಸ್ತರರು ಗಾಡಿಯಿಂದ ನನ್ನ ಕ್ಲಾರಿನೆಟ್ ತೆಗೆದು ನನ್ನ ಕಡೆ ಚಾಚಿದರು. ಹೆಣ್ಣಿನ ತಂದೆ ಬಾರಿಸುವ ಪದ್ಧತಿ ಎಲ್ಲೂ ಇಲ್ಲ. ಹೋಗಿ ನನ್ನ ಜಾಗದಲ್ಲಿ ನಿಂತೆ. ಸೈಡ್ ಡ್ರಮ್ಮು ಮೆಲ್ಲಗೆ ಶುರುವಾಯಿತು, ನಾನು ಇನ್ನೂ ಮೆಲ್ಲಗೆ ಊದಿದೆ. ತುದಿಗಾಲಲ್ಲಿ ನಡೆದೆವು, ಗೆರೆಯ ಹತ್ತಿರ ನಿಂತೆವು. ಆ ಒಂದು ಉಸಿರಿನ ಮೌನದಲ್ಲಿ, ಇದರಲ್ಲಿ ಏನಾದರೂ ಇರುವುದಾದರೆ ಅದೆಲ್ಲ ನನಗೇ ಇರಲಿ, ಅವಳಿಗೆ ಒಂದು ಕೂದಲಷ್ಟೂ ಬೇಡ ಎಂದುಕೊಂಡೆ. ಟ್ರಂಪೆಟ್ಟು ಕೂಗಿತು. ಧೋತರ ಎತ್ತಿ ಹಿಡಿದು ಎಲ್ಲರಿಗಿಂತ ಮೊದಲು ಜಿಗಿದೆ.

ಗಂಡಿನ ಮನೆಯ ಬಾಗಿಲಲ್ಲಿ ಶಿವರಾಜಪ್ಪನವರ ಅಕ್ಕ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಹೊಸ ಸೊಸೆ ಕಾಲು ತೊಳೆದುಕೊಂಡು ಒಳಗೆ ಬರಬೇಕು. ಸುಜಾತಾ ಆಕೆಯ ಕೈಯಿಂದ ತಂಬಿಗೆ ಇಸಿದುಕೊಂಡಳು, ನನ್ನ ಕಡೆ ತಿರುಗಿದಳು.

“ಯಪ್ಪಾ, ಕಾಲ್ ಮುಂದ ಮಾಡು.”

ಅಷ್ಟು ಜನರ ಮುಂದೆ ಹೊಸ ಚಪ್ಪಲಿ ಕಳೆದು ಕಾಲು ಮುಂದೆ ಮಾಡಿದೆ. ಅವಳು ಎರಡೂ ಪಾದಕ್ಕೆ ನೀರು ಸುರಿದು, ನೀರು ಹರಿದು ಹೋಗುವ ತನಕ ನೋಡುತ್ತಾ ನಿಂತಳು. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಶಿವರಾಜಪ್ಪನವರು ಅಕ್ಕನ ಮುಖ ನೋಡುತ್ತಿದ್ದರು, ಆಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆಂದು.

“ನಾನೇನ್ ಇದನ್ನ ನಂಬಂಗಿಲ್ಲ ಬೀಗರ,” ಎಂದಳು ಆ ಅಕ್ಕ. “ನಮ್ಮ ತಮ್ಮ ನಂಬತಾನ. ಆದರ ಹಾಕೋದಾದ್ರ ದಾಟಿದವರಿಗೆಲ್ಲಾ ಹಾಕಬೇಕು.” ಒಳಗಿನಿಂದ ಒಂದು ಕೊಡ ನೀರು ತರಿಸಿ ತಮ್ಮನ ಕೈಗೆ ಕೊಟ್ಟಳು.

ತಿರುಗಿ ನೋಡಿದೆ. ಖಾಸಿಂ ಮಾಸ್ತರರು ಆಗಲೇ ಕಟ್ಟೆಯ ಮೇಲೆ ಕೂತು ಶೂ ಬಿಚ್ಚುತ್ತಿದ್ದರು. ಅವರ ಹಿಂದೆ ಕೆಂಪು ಕೋಟಿನ ಇಡೀ ಬ್ಯಾಂಡು ಸಾಲು ಹಚ್ಚಿ ನಿಂತಿತ್ತು.